ಕೂಡಲಸಂಗಮ: ಕಂಡದ್ದೆಷ್ಟು, ಅರಿತದ್ದೆಷ್ಟು?

ಬಾಗಲಕೋಟೆ ಜಿಲ್ಲೆಯ ಹುನಗುಂದ ತಾಲ್ಲೂಕಿನಲ್ಲಿ ಮಲಪ್ರಭೆಯು ಕೃಷ್ಣೆಯನ್ನು ಕೂಡುವ ಎಡೆಯೇ ಕೂಡಲಸಂಗಮ. ಹರಿಹರ ಕವಿಯು ತನ್ನ ಬಸವರಾಜದೇವರ ರಗಳೆಯಲ್ಲಿ ಇದನ್ನು ಕಪ್ಪಡಿಸಂಗಮವೆಂದು ಕರೆದಿದ್ದಾನೆ. ಜೀವಮಾನದಲ್ಲಿ ಒಮ್ಮೆಯಾದರೂ ಇಲ್ಲಿಗೆ ಬರಬೇಕೆಂಬ ಹಂಬಲವಿಲ್ಲದ ಶರಣ ಕುಟುಂಬ ವಿರಳ. ಆದರೆ ಬಂದವರು ಏನನ್ನು ಪಡೆದು ಮರಳುತ್ತಾರೆ ಎಂಬುದು ವಿಚಾರಾರ್ಹವಾದ ಸಂಗತಿ.

ನಾವು ಕಂಡಂತೆ ಬಹುಮಂದಿಯ ಯಾತ್ರೆ ಒಂದು ತಾಸಿನಲ್ಲಿ ಮುಗಿಯುತ್ತದೆ. ವಾಹನದಿಂದಿಳಿದು ದರ್ಶನ, ಪ್ರಸಾದ, ಛಾಯಾಚಿತ್ರ, ಮತ್ತೆ ವಾಹನ. ನೆರಳು, ಕುಡಿಯುವ ನೀರು, ಶುಚಿಯಾದ ಶೌಚಾಲಯ ದೊರೆತರೆ ತೃಪ್ತಿ, ದೊರೆಯದಿದ್ದರೆ ಅಸಮಾಧಾನ. ಇದನ್ನು ನಾವು ಹಗುರಾಗಿ ಕಾಣುವುದಿಲ್ಲ. ವೃದ್ಧರಿಗೂ ಮಕ್ಕಳಿಗೂ ಅನುಕೂಲ ಕಲ್ಪಿಸುವುದು ದಾಸೋಹದ ಒಂದು ಅಂಗವೇ. ಆದರೆ ದೇಹದ ತೃಪ್ತಿಯೊಂದೇ ಯಾತ್ರೆಯ ಫಲವಲ್ಲ.

ಚಾಲುಕ್ಯ ಶೈಲಿಯ ಸಂಗಮನಾಥ ದೇವಾಲಯದ ಎದುರು ನಿಂತಾಗ ನೆನೆಯಬೇಕಾದುದು ಬಹಳವಿದೆ. ಜನಿವಾರವನ್ನು ತೊರೆದು ಬಂದ ತರುಣ ಬಸವಣ್ಣನವರಿಗೆ ಈಶಾನ್ಯ ಗುರುಗಳು ಆಶ್ರಯವಿತ್ತುದು ಇಲ್ಲಿ. ಹರಿಹರನ ಪ್ರಕಾರ, ಮಂಗಳವಾಡಕ್ಕೆ ಹೋಗೆಂಬ ಸಂಗಮನಾಥನ ಅಪ್ಪಣೆಯಾದಾಗ ಈ ಎಡೆಯನ್ನು ಅಗಲಲಾರದೆ ಅವರು ಮರುಗಿದರು. ಅಗಲಿ ಹೋದರೂ ಸಂಗಮವನ್ನು ಬಿಟ್ಟುಹೋಗಲಿಲ್ಲ. ‘ಕೂಡಲಸಂಗಮದೇವ’ ಎಂಬ ಅಂಕಿತವಾಗಿ ಅದನ್ನು ತಮ್ಮ ವಚನಗಳಲ್ಲಿ ಹೊತ್ತು ನಡೆದರು. ಒಂದು ಊರಿನ ಹೆಸರು ಅಂತರಂಗದ ದೇವರ ಹೆಸರಾದ ಬಗೆ ಇದು. ಇಷ್ಟನ್ನು ಅರಿತು ಒಳಹೊಕ್ಕವನಿಗೆ ಅದೇ ದೇವಾಲಯ ಬೇರೆಯಾಗಿ ಕಾಣುತ್ತದೆ.

ಐಕ್ಯಮಂಟಪದ ಕಥೆಯೂ ಹೇಳತಕ್ಕದ್ದೇ. 1982ರಲ್ಲಿ ಪೂರ್ಣಗೊಂಡ ನಾರಾಯಣಪುರದ ಬಸವಸಾಗರ ಅಣೆಕಟ್ಟಿನ ಹಿನ್ನೀರು ಇಲ್ಲಿಯವರೆಗೆ ಹಬ್ಬುತ್ತದೆ. ಮಂಟಪವು ಮುಳುಗದಂತೆ ಅದರ ಸುತ್ತ ಬಾವಿಯಾಕಾರದ ಕಾಂಕ್ರೀಟು ಗೋಡೆಯನ್ನು ಎಬ್ಬಿಸಲಾಗಿದೆ. ಭಕ್ತರು ಮೆಟ್ಟಿಲಿಳಿದು ದರ್ಶನ ಪಡೆಯುತ್ತಾರೆ. ಹೊರಗೆ ನೀರು, ಒಳಗೆ ಮೌನ. ಈ ಕಾರಣವನ್ನು ತಿಳಿಯದ ಬಾಲಕರು ಮಂಟಪವನ್ನು ಮೊದಲಿನಿಂದಲೂ ಬಾವಿಯೊಳಗೇ ಕಟ್ಟಿದರೆಂದು ಭಾವಿಸಿದರೆ ಆಶ್ಚರ್ಯವೇನು?

ಇನ್ನು, ಕೃಷ್ಣೆಯ ಆಚೆಯ ದಂಡೆಯಲ್ಲಿ, ವಿಜಯಪುರ ಜಿಲ್ಲೆಯ ತಂಗಡಗಿಯಿದೆ. ಅನೇಕರು ಅದನ್ನು ನೋಡದೆಯೇ ಹಿಂದಿರುಗುತ್ತಾರೆ. ನೀಲಾಂಬಿಕೆ ತಾಯಿಯವರನ್ನು ಕರೆತರಲು ಬಸವಣ್ಣನವರು ಹಡಪದ ಅಪ್ಪಣ್ಣನವರನ್ನು ಕಳುಹಿದರೆಂದೂ, ತಾಯಿಯವರು ಹೊಳೆ ದಾಟದೆ, ಅಲ್ಲಿರುವ ದೇವನು ಇಲ್ಲಿಯೂ ಇರುವನೆಂದರಿತು ತಂಗಡಗಿಯಲ್ಲಿಯೇ ಐಕ್ಯರಾದರೆಂದೂ ಪರಂಪರೆ ನುಡಿಯುತ್ತದೆ.

‘ಸ್ಥಾವರವನ್ನು ಒಲ್ಲದ, ತೀರ್ಥಸ್ನಾನದಿಂದ ಪುಣ್ಯ ಬಾರದೆಂದ ಶರಣರ ಮಕ್ಕಳಾದ ನಮಗೆ ಯಾತ್ರೆಯೇಕೆ?’ ಎಂದು ಇಂದಿನ ತರುಣರು ಕೇಳುತ್ತಾರೆ. ಅದು ಉಡಾಫೆಯ ಮಾತಲ್ಲ, ನ್ಯಾಯವಾದ ಪ್ರಶ್ನೆ. ಉತ್ತರವನ್ನು ತಂಗಡಗಿಯೇ ಕೊಡುತ್ತದೆ. ನಾವು ಸಂಗಮಕ್ಕೆ ಬರುವುದು ಪುಣ್ಯಸಂಪಾದನೆಗಲ್ಲ, ಸ್ಮರಣೆಗಾಗಿ. ನೀರಿನಲ್ಲಿ ಮುಳುಗಿ ಏಳುವುದರಿಂದ ಏನೂ ಆಗದು; ಇಲ್ಲಿ ಬಾಳಿದವರ ನಡೆಯನ್ನು ಮನದಟ್ಟು ಮಾಡಿಕೊಂಡರೆ ಮನೆಗೆ ಮರಳಿದ ಮೇಲೆ ನಮ್ಮ ನಡೆ ಸ್ವಲ್ಪವಾದರೂ ತಿದ್ದೀತು. ವಿವರಿಸಿ ಹೇಳುವವರಿಲ್ಲದಿದ್ದರೆ ಈ ಅರಿವು ಒದಗದು, ಯಾತ್ರೆಯು ಬರಿಯ ಸ್ಥಾವರದರ್ಶನವಾಗಿಯೇ ಉಳಿಯುತ್ತದೆ.

ಆದುದರಿಂದ ನಮ್ಮ ವಿನಂತಿಯಿಷ್ಟೆ. ಸ್ಥಳವನ್ನು ತೋರಿಸುವವರು ಪವಾಡಗಳನ್ನಷ್ಟೇ ಹೇಳದೆ, ಕಾವ್ಯದ ಮಾತಾವುದು, ಇತಿಹಾಸದ ಮಾತಾವುದು, ಜನರ ನಂಬಿಕೆ ಯಾವುದು ಎಂಬುದನ್ನು ವಿಂಗಡಿಸಿ ಹೇಳಲಿ. ಸತ್ಯವನ್ನು ತಿಳಿಸಿದರೆ ಭಕ್ತಿ ಕುಂದುವುದಿಲ್ಲ. ಕುಟುಂಬದ ಹಿರಿಯರು ಹೊರಡುವ ಮುನ್ನಾದಿನ ಮಕ್ಕಳೊಡನೆ ಕುಳಿತು ನಾಲ್ಕು ವಚನಗಳನ್ನು ಓದಲಿ. ಅರ್ಧ ದಿನವನ್ನಾದರೂ ಮೀಸಲಿಟ್ಟು, ತಂಗಡಗಿಯನ್ನೂ ಕಂಡು ಬರಲಿ. ನದೀತೀರದಲ್ಲಿ ಕಾಲು ಗಂಟೆ ಸುಮ್ಮನೆ ಕೂಡಲಿ. ಮರಳುವ ಹಾದಿಯಲ್ಲಿ ಮಕ್ಕಳನ್ನು, ‘ಏನು ಕಂಡಿರಿ?’ ಎನ್ನುವುದಕ್ಕಿಂತ, ‘ಏನು ತಿಳಿಯಿತು?’ ಎಂದು ಕೇಳಲಿ. ಅವರು ಕೊಡುವ ಉತ್ತರವೇ ಯಾತ್ರೆ ಸಫಲವಾಯಿತೋ ಇಲ್ಲವೋ ಎಂಬುದಕ್ಕೆ ಸಾಕ್ಷಿ.