ಪ್ಯೂರಿ ಎಂಡ್‌ನ ಹುಡುಗ

ಹೋದ ತಿಂಗಳ ಯುವಜನ ಕೂಟದಲ್ಲಿ ವಿಲಿಯಂ ಕೇರಿಯವರ ಬಗ್ಗೆ ಹತ್ತು ನಿಮಿಷ ಮಾತಾಡಲು ಅಯ್ಯನವರು ನನಗೆ ಹೇಳಿದರು. ಸೆರಾಂಪುರದ ಕಥೆ ಎಲ್ಲರಿಗೂ ಗೊತ್ತು. ಅದಕ್ಕೇ ನಾನು ಅವರು ಹುಟ್ಟಿದ ಊರನ್ನು ಮೊಬೈಲಿನ ಮ್ಯಾಪಿನಲ್ಲಿ ಹುಡುಕಿದೆ.

ಪ್ಯೂರಿ ಎಂಡ್. ಊರು ಅನ್ನೋಕೂ ಆಗಲ್ಲ, ನಮ್ಮ ಕಡೆಯ ಮಜರಾ ಹಳ್ಳಿ ಇದ್ದ ಹಾಗೆ. ಇಂಗ್ಲೆಂಡಿನ ನಾರ್ತಾಂಪ್ಟನ್‌ಶೈರ್‌ನಲ್ಲಿ, ಟೋಸ್ಟರ್ ಎಂಬ ಪೇಟೆಯಿಂದ ದಕ್ಷಿಣಕ್ಕೆ ಸುಮಾರು ಮೂರು ಮೈಲಿ. (ಬರೆಯೋದು ಬೇರೆ ಥರ, ಕರೆಯೋದು ಮಾತ್ರ ಬ್ರೆಡ್ ಸುಡುವ ಟೋಸ್ಟರಿನ ಹಾಗೇ!) ರೋಮನ್ನರ ಕಾಲದ ವಾಟ್ಲಿಂಗ್ ಸ್ಟ್ರೀಟ್ ಈಗ ಎ5 ಹೆದ್ದಾರಿ. ಅದರಿಂದ ಸ್ವಲ್ಪ ಒಳಗಿದೆ ಈ ಹಳ್ಳಿ. ಚರ್ಚ್ ಇರೋದು ಪಕ್ಕದ ಪೌಲರ್ಸ್‌ಪ್ಯೂರಿಯಲ್ಲಿ.

1761ರಲ್ಲಿ ಇಲ್ಲಿನ ಒಬ್ಬ ನೇಕಾರರ ಮನೆಯಲ್ಲಿ ಕೇರಿಯವರು ಹುಟ್ಟಿದರು. ಆ ಮನೆ ಈಗ ಇಲ್ಲ, ನೆನಪಿನ ಕಲ್ಲು ಇದೆ. ತಂದೆಗೆ ಪೌಲರ್ಸ್‌ಪ್ಯೂರಿಯ ಶಾಲೆಯಲ್ಲಿ ಮೇಷ್ಟ್ರ ಕೆಲಸ ಸಿಕ್ಕಿದಾಗ ಹುಡುಗನಿಗೆ ಆರು ವರ್ಷ. ಹದಿನಾಲ್ಕಕ್ಕೆ ಪಿಡಿಂಗ್ಟನ್ ಹಳ್ಳಿಯಲ್ಲಿ ಶೂ ಹೊಲಿಯುವ ಕೆಲಸ ಕಲಿಯಲು ಸೇರಿದ. ಆಮೇಲೆ ಪಕ್ಕದ ಹ್ಯಾಕಲ್ಟನ್‌ನಲ್ಲೂ ಅದೇ ಕೆಲಸ. 1781ರಲ್ಲಿ ಪಿಡಿಂಗ್ಟನ್ ಚರ್ಚಿನಲ್ಲಿ ಮದುವೆ. ಹೆಂಡತಿ ಡೊರೋತಿಗೆ ಬರೆಯಲು ಬರುತ್ತಿರಲಿಲ್ಲ, ರಿಜಿಸ್ಟರಿನಲ್ಲಿ ಶಿಲುಬೆಯ ಗುರುತು ಹಾಕಿದರು. ನಮ್ಮ ಅಜ್ಜಿಯ ಹೆಬ್ಬೆಟ್ಟು ನೆನಪಾಯಿತು. ಇಂಡಿಯಾಕ್ಕೆ ಬಂದ ಮೇಲೆ ಆ ತಾಯಿ ಮಗನನ್ನು ಕಳೆದುಕೊಂಡು, ಬುದ್ಧಿಭ್ರಮಣೆಯಾಗಿ ನರಳಿದ್ದನ್ನು ನಾವು ಕೂಟಗಳಲ್ಲಿ ಹೇಳೋದೇ ಕಡಿಮೆ.

ಮುಂದೆ ಮೌಲ್ಟನ್ ಹಳ್ಳಿ. ಅಲ್ಲಿ ಪಾಠ, ಪ್ರಸಂಗ, ಜೊತೆಗೆ ಶೂ ಹೊಲಿಗೆ. ಕೆಲಸದ ಕೋಣೆಯ ಗೋಡೆಗೆ ಪ್ರಪಂಚದ ನಕ್ಷೆ. 1792ರಲ್ಲಿ ಕೆಟರಿಂಗ್‌ನಲ್ಲಿ ಮಿಷನ್ ಸೊಸೈಟಿ ಶುರುವಾಯಿತು. ಮ್ಯಾಪಿನ ಮೇಲೆ ಹೆಬ್ಬೆರಳಿಟ್ಟರೆ ಈ ಊರುಗಳೆಲ್ಲ ಅದರಡಿ ಮುಚ್ಚಿಹೋಗುತ್ತವೆ. 1793ರಲ್ಲಿ ಹೊರಟವರು ಮತ್ತೆ ಅಲ್ಲಿಗೆ ಹೋಗಲೇ ಇಲ್ಲ. 1817ರಲ್ಲಿ ನಮ್ಮ ಕನ್ನಡಕ್ಕೂ ಇಂಗ್ಲಿಷಿನಲ್ಲಿ ಒಂದು ವ್ಯಾಕರಣ ಅಚ್ಚು ಹಾಕಿಸಿದರು.

ಒಂದು ಮಾತು ಹೇಳಲೇಬೇಕು. ನಮ್ಮ ತಾತ ರಾಯದುರ್ಗದ ಸಂತೆಯಲ್ಲಿ ಕೂತು ಚಪ್ಪಲಿ ಹೊಲಿಯುತ್ತಿದ್ದವರು. ಕಾಲೇಜಿನಲ್ಲಿ ಯಾರಾದರೂ ಕೇಳಿದರೆ "ತಾತಂದು ಅಂಗಡಿ ಇತ್ತು" ಅಂತಿದ್ದೆ. ಬ್ಯಾರಕ್‌ಪುರದ ಒಂದು ಔತಣದಲ್ಲಿ ಯಾರೋ ಅಧಿಕಾರಿ, ಈ ಕೇರಿ ಹಿಂದೆ ಶೂ ಮಾಡುತ್ತಿದ್ದವನಲ್ಲವೇ ಎಂದು ಪಕ್ಕದವರಿಗೆ ಹೇಳಿದರಂತೆ. ಕೇಳಿಸಿಕೊಂಡ ಕೇರಿಯವರು, ಶೂ ಮಾಡುವವನೂ ಅಲ್ಲ, ಬರೀ ರಿಪೇರಿ ಮಾಡುವವನು ಅಂದರಂತೆ.

ಇದನ್ನು ಕೂಟದಲ್ಲಿ ಹೇಳುವಾಗ ಗಂಟಲು ಕಟ್ಟಿತು. ತಾತನ ಕೆಲಸವನ್ನೂ ಹೆಸರಿಟ್ಟು ಹೇಳಿಬಿಟ್ಟೆ. ತಾತ ಹಿಂದಿನ ಬೆಂಚಿನಲ್ಲೇ ಕೂತಿದ್ದರು. ಮನೆಗೆ ಹೋಗುವ ದಾರಿಯಲ್ಲಿ ಅದರ ಬಗ್ಗೆ ಮಾತೇ ಎತ್ತಲಿಲ್ಲ. ಬಾಗಿಲ ಹತ್ತಿರ ನಿಂತು ಕೇಳಿದ್ದು ಇಷ್ಟೇ:

"ಅಲ್ಲಪ್ಪಾ, ಆ ಹುಡುಗ ದಿನಕ್ಕೆ ಎಷ್ಟು ಜೊತೆ ಹೊಲೀತಿದ್ದನಂತೆ?"