ಲಂಗರು ನೋಡಿ ಬಂದೆಯಾ?

ರಾತ್ರಿ ಎರಡೂವರೆಗೆ ಮೊಬೈಲ್ ಕಿರುಚಿಕೊಂಡಿತು. ಏಳು ವರ್ಷ ಆನ್‌ಕಾಲ್ ಡ್ಯೂಟಿ ಮಾಡಿದವನು ನಾನು. ನಿದ್ದೆಗಣ್ಣಲ್ಲಿ ಮೊದಲು ಹೊಳೆದದ್ದು ‘ಸರ್ವರ್ ಡೌನ್’. ಕಣ್ಣುಬಿಟ್ಟರೆ ಮುಖದಿಂದ ಎರಡಡಿ ಮೇಲೆ ದೋಣಿಯ ಚಾವಣಿ. ಕೂಗ್ತಾ ಇದ್ದದ್ದು ಲಂಗರಿನ ಅಲಾರಂ. ನಾವು ಮಲಗಿದ್ದ ದೋಣಿ ನಿಲ್ಲಿಸಿದ ಜಾಗದಿಂದ ಜಾರುತ್ತಿತ್ತು.

ಇದು 2025ರ ಫೆಬ್ರವರಿ ಮಾತು. ಊರು ಕೆರಿಬಿಯನ್ ಸಮುದ್ರದ ಕ್ಯಾರಿಯಾಕೂ. ಗ್ರೆನಡಾ ದೇಶಕ್ಕೆ ಸೇರಿದ, ಸುಮಾರು 34 ಚದರ ಕಿಲೋಮೀಟರಿನ ಪುಟ್ಟ ದ್ವೀಪ. ನನ್ನ ಎಂಜಿನಿಯರಿಂಗ್ ಕಾಲೇಜಿನ ಸೀನಿಯರ್ ಒಬ್ಬರು (ನಾವೆಲ್ಲ ಅಣ್ಣ ಅಂತಲೇ ಕರೆಯೋದು) ಹೆಂಡತಿ ಜೊತೆ 38 ಅಡಿಯ ಹಾಯಿದೋಣಿಯಲ್ಲಿ ಸಂಸಾರ ಹೂಡಿದ್ದಾರೆ. “ಬಾರೋ, ಮೂರು ವಾರ ಇದ್ದು ಹೋಗು” ಅಂದರು. ಟೊರೊಂಟೊದ ಚಳಿಯಲ್ಲಿ ಕೆಲಸ ಬಿಟ್ಟು ಕೂತಿದ್ದ ನಾನು ಹೊರಟುಬಿಟ್ಟೆ. ಕೆಲಸ ಬಿಟ್ಟು ಆಗಲೇ ನಾಲ್ಕು ತಿಂಗಳಾಗಿತ್ತು. ತುಮಕೂರಿನಲ್ಲಿರೋ ಅಪ್ಪ ಅಮ್ಮನಿಗೆ ಮಾತ್ರ ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ನಾನು ರಜೆ ಹಾಕಿ ಬಂದಿದ್ದೆ.

ನಮ್ಮ ದೋಣಿ ನಿಂತಿದ್ದದ್ದು ಟೈರೆಲ್ ಬೇಯಲ್ಲಿ. ಗಾಳಿ ಪೂರ್ವದಿಂದ ಬೀಸುತ್ತೆ, ಕೊಲ್ಲಿ ಪಶ್ಚಿಮಕ್ಕಿದೆ, ಹಾಗಾಗಿ ನೀರು ಸಾಮಾನ್ಯವಾಗಿ ಶಾಂತ. ಬೆಳಿಗ್ಗೆ ಎದ್ದರೆ ಸೋಲಾರ್ ಬ್ಯಾಟರಿ ಎಷ್ಟು ಪರ್ಸೆಂಟ್ ಇದೆ ಅಂತ ನೋಡೋದು, ಡಿಂಗಿ ಅನ್ನೋ ಪುಟ್ಟ ರಬ್ಬರ್ ದೋಣಿಯಲ್ಲಿ ದಡಕ್ಕೆ ಹೋಗಿ ಬ್ರೆಡ್ ತರೋದು. ಸ್ನಾನ ಸಮುದ್ರದಲ್ಲಿ, ಕೊನೆಗೆ ಎರಡು ಚೊಂಬು ಸಿಹಿನೀರು. ದ್ವೀಪದ ಮನೆಯವರೂ ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದಿಟ್ಟುಕೊಂಡೇ ಬದುಕೋದು. ಅಂಗಡಿಗೆ ಹೋದರೆ ಮೊದಲು ‘ಗುಡ್ ಮಾರ್ನಿಂಗ್’ ಹೇಳಬೇಕು, ಆಮೇಲೆ ವ್ಯಾಪಾರ. ಮಧ್ಯಾಹ್ನ ಊಟಕ್ಕೆ ರೋಟಿ! 1857ರಿಂದ ಗ್ರೆನಡಾಕ್ಕೆ ಕೂಲಿಗೆ ಬಂದ ಭಾರತೀಯರ ಅಡುಗೆಮನೆಯಿಂದ ಬಂದದ್ದು. ಒಳಗೆ ಆಲೂಗಡ್ಡೆ ಪಲ್ಯ ಸುತ್ತಿಕೊಟ್ಟಾಗ ನಾನು ಏನೂ ಮಾತಾಡದೆ ಎರಡು ತಿಂದೆ.

ಊರು ನಿಧಾನ ಅಂತ ಸಮುದ್ರ ನಿಧಾನ ಅಲ್ಲ. 2024ರ ಜುಲೈ 1ರಂದು ಬೆರಿಲ್ ಚಂಡಮಾರುತ ಗಂಟೆಗೆ ಸುಮಾರು 240 ಕಿಲೋಮೀಟರ್ ವೇಗದ ಗಾಳಿಯೊಂದಿಗೆ ನೇರ ಈ ದ್ವೀಪಕ್ಕೇ ಬಡಿದಿತ್ತು. ಕೊಲ್ಲಿಯ ಪಕ್ಕದ ಮ್ಯಾಂಗ್ರೋವ್ ಕಾಡಿನೊಳಗೆ ಆಸರೆ ಪಡೆದಿದ್ದ ಎಷ್ಟೋ ದೋಣಿಗಳು ಅಲ್ಲೇ ನಜ್ಜುಗುಜ್ಜಾದವು. ಅದಕ್ಕೇ ಅಣ್ಣನಿಗೆ ಲಂಗರಿನ ವಿಷಯದಲ್ಲಿ ತಮಾಷೆ ಇಲ್ಲ. ಲೆಕ್ಕ ಸುಲಭ. ನೀರಿನ ಆಳ ಐದು ಮೀಟರ್, ನೀರಿನ ಮೇಲೆ ದೋಣಿಯ ಮೂತಿ ಒಂದು ಮೀಟರ್, ಒಟ್ಟು ಆರು. ಅದರ ಐದರಷ್ಟು, ಅಂದ್ರೆ ಮೂವತ್ತು ಮೀಟರ್ ಸರಪಳಿ ಬಿಡಬೇಕು. ಆಮೇಲೆ ಒಬ್ಬರು ನೀರಿಗಿಳಿದು ಲಂಗರಿನ ಮೊನೆ ಮರಳಲ್ಲಿ ಹೂತಿದೆಯಾ ಅಂತ ಕಣ್ಣಾರೆ ನೋಡಿ ಬರಬೇಕು. ಹುಲ್ಲಿನ ಮೇಲೆ ಬಿದ್ದಿದ್ದರೆ ಅದು ಕಚ್ಚೋದಿಲ್ಲ.

ಆ ಸಂಜೆ ಜಾಗ ಬದಲಾಯಿಸಿದ್ದೆವು. ನೋಡೋ ಸರದಿ ನಂದು. ಮಾಸ್ಕ್ ಹಾಕಿಕೊಂಡು ಇಳಿದೆ. ಬೆಳಕು ಕಮ್ಮಿಯಾಗಿತ್ತು, ನೀರು ಕದಡಿತ್ತು. ಸರಪಳಿ ಹಿಡಿದು ಅರ್ಧ ದೂರ ಹೋಗಿ, ಸುಸ್ತಾಗಿ, ವಾಪಸ್ ಬಂದೆ.

“ನೋಡಿ ಬಂದೆಯಾ?”

“ಹ್ಞೂಂ ಅಣ್ಣ, ಸರಿಯಾಗಿದೆ.”

ರಾತ್ರಿ ಮಳೆಗಾಳಿ ಎದ್ದಾಗ ಡೆಕ್ ಮೇಲೆ ಓಡಿ ಬಂದೆ. ಹಿಂದೆ ನಿಂತಿದ್ದ ದೋಣಿಯ ದೀಪ ಹತ್ತಿರ ಹತ್ತಿರ ಬರ್ತಾ ಇತ್ತು. ಬರ್ತಾ ಇದ್ದದ್ದು ನಾವು. ಅಣ್ಣ ಎಂಜಿನ್ ಶುರು ಮಾಡಿ ಮುಂದಕ್ಕೆ ಒತ್ತಿದರು. ಅತ್ತಿಗೆ ಟಾರ್ಚ್ ಹಿಡಿದು ದೂರ ಕೂಗಿ ಹೇಳ್ತಾ ಇದ್ದರು: “ಹತ್ತು ಮೀಟರ್... ಎಂಟು...” ನಾನು ಮೂತಿಯ ಹತ್ತಿರ ಕೂತು ಮೋಟಾರಿನಿಂದ ಸರಪಳಿ ಎಳೀತಾ ಇದ್ದೆ. ಲಂಗರು ಮೇಲೆ ಬಂದಾಗ ಅದರ ತುಂಬ ಹುಲ್ಲಿನ ದೊಡ್ಡ ಕಂತೆ. ಮರಳಿನ ಒಂದು ಕಾಳೂ ಇರಲಿಲ್ಲ. ಮೂರನೇ ಪ್ರಯತ್ನಕ್ಕೆ ಬೇರೆ ಕಡೆ ಲಂಗರು ಕಚ್ಚಿತು.

ಮೂವರೂ ಒದ್ದೆಯಾಗಿ ಕೂತಿದ್ದೆವು. ಅತ್ತಿಗೆ ಕಾಫಿ ಕೊಟ್ಟರು. ಕುಡಿಯೋಕಾಗಲಿಲ್ಲ.

“ಅಣ್ಣ, ನಾನು ಸರಿಯಾಗಿ ನೋಡಿರಲಿಲ್ಲ.”

ಬೈತಾರೆ ಅಂದುಕೊಂಡೆ. “ಕಾಣ್ಲಿಲ್ಲ ಅಂತ ಹೇಳಿದ್ದಿದ್ರೆ ನಾನೇ ಇಳಿದು ನೋಡ್ತಿದ್ದೆ ಕಣೋ. ಅಷ್ಟೇ ಇದ್ದಿದ್ದು” ಅಂದು ಮಲಗಲು ಹೋದರು. ಬೈದಿದ್ದರೇ ವಾಸಿ ಇತ್ತು. ಯಾಕಂದ್ರೆ ಪ್ರತಿ ವಾರ ಅಮ್ಮ “ಕೆಲಸ ಹೇಗಿದೆ ಮಗಾ?” ಅಂದಾಗಲೂ ನಾನು ಕೊಡ್ತಾ ಇದ್ದ ಉತ್ತರ ಅದೇ, “ಸರಿಯಾಗಿದೆ.”

ಬೆಳಗಿನ ಆರು ಗಂಟೆ, ತುಮಕೂರಿನಲ್ಲಿ ಮಧ್ಯಾಹ್ನ ಮೂರೂವರೆ. ಫೋನ್ ಮಾಡಿ ಎಲ್ಲಾ ಹೇಳಿದೆ. ನಿದ್ದೆ ಬರದ ರಾತ್ರಿಗಳು, ಎದೆ ಹೊಡ್ಕೊಳ್ಳೋದು, ರಾಜೀನಾಮೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಏನೋ ಇದೆ ಅಂತ ಗೊತ್ತಿತ್ತು. ‘ಮೀಟಿಂಗ್ ಇದೆ, ಆಮೇಲೆ ಮಾಡ್ತೀನಿ’ ಅನ್ನೋದನ್ನೇ ನಿಲ್ಲಿಸಿಬಿಟ್ಟಿದ್ದೆಯಲ್ಲ. ನೀನೇ ಹೇಳ್ಲಿ ಅಂತ ಕಾಯ್ತಾ ಇದ್ದೆ. ತಗೋ, ಅಪ್ಪನಿಗೂ ನೀನೇ ಹೇಳು.”

ಅಪ್ಪ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: “ಕೈಯಲ್ಲಿ ದುಡ್ಡಿದೆಯಾ?” ಇದೆ ಅಂದೆ. ಈ ಸಲ ಅದು ನಿಜ.

ಫೋನಿಟ್ಟು ಮಾಸ್ಕ್ ಹಾಕಿಕೊಂಡು ನೀರಿಗಿಳಿದೆ. ಮೂವತ್ತು ಮೀಟರ್ ಸರಪಳಿಯ ಕೊನೆಯವರೆಗೂ ಹೋದೆ. ಮೊನೆ ಪೂರ್ತಿ ಮರಳೊಳಗಿತ್ತು.

ಈಗ ಬೇರೆ ಕೆಲಸ ಸಿಕ್ಕಿದೆ, ಸಂಬಳ ಸ್ವಲ್ಪ ಕಮ್ಮಿ. ಅಮ್ಮ ಈಗಲೂ “ಹೇಗಿದೆ ಮಗಾ?” ಅಂತ ಕೇಳ್ತಾರೆ. ತಕ್ಷಣ ಬಾಯಿಗೆ ಬರೋ ಉತ್ತರವನ್ನು ತಡೆದು, ಒಂದು ನಿಮಿಷ ಯೋಚಿಸಿ ಹೇಳ್ತೀನಿ. ಕೆಲವು ಸಲ “ಈ ವಾರ ಅಷ್ಟು ಚೆನ್ನಾಗಿಲ್ಲಮ್ಮ” ಅಂತಲೂ ಹೇಳ್ತೀನಿ.