ಎಲೆಯ ಗುಣ, ಮೂಗಿನ ತೀರ್ಪು

ನಿಪ್ಪಾಣಿಯ ತಂಬಾಕಿನ ವಖಾರಿಗಳ ಓಣಿಗೆ ಹೊಸಬರು ಕಾಲಿಟ್ಟರೆ ಮೊದಲು ಎದುರುಗೊಳ್ಳುವುದು ಮನುಷ್ಯರಲ್ಲ, ಘಾಟು. ನಾಲ್ಕಾರು ಸೀನು ಬಂದ ಮೇಲೆಯೇ ಊರಿನ ಪರಿಚಯ. ಅಲ್ಲಿಯೇ ಹುಟ್ಟಿ ಬೆಳೆದ ವ್ಯಾಪಾರಿಗೆ ಮಾತ್ರ ಇದಾವುದೂ ಇಲ್ಲ. ಅವನು ಚೀಲದ ತಳಕ್ಕೆ ಕೈ ಇಳಿಸಿ ಒಂದು ಹಿಡಿ ಪುಡಿಯೆಲೆ ತೆಗೆಯುತ್ತಾನೆ. ಬೆಳಕಿಗೆ ಹಿಡಿದು ಬಣ್ಣ ನೋಡುತ್ತಾನೆ, ಅಂಗೈಯಲ್ಲಿ ತಿಕ್ಕುತ್ತಾನೆ, ಮೂಗಿನ ಬಳಿ ತಂದು ಒಮ್ಮೆ ಉಸಿರೆಳೆಯುತ್ತಾನೆ. ಆಮೇಲೆ ದರ ಹೇಳುತ್ತಾನೆ. ಇಷ್ಟಕ್ಕೆಲ್ಲ ಒಂದು ನಿಮಿಷವೂ ಬೇಡ. ಎದುರಿಗೆ ನಿಂತ ರೈತನಿಗೆ ಅದು ಇಡೀ ವರ್ಷದ ಬೆಳೆಯ ತೀರ್ಪು. ಮಗಳ ಮದುವೆ, ಮಗನ ಕಾಲೇಜಿನ ಫೀ, ಸೊಸೈಟಿಯ ಸಾಲ ಎಲ್ಲವೂ ಆ ಒಂದು ಹಿಡಿಯಲ್ಲಿ ಕೂತಿರುತ್ತವೆ.

ಇದೇ ವಿದ್ಯೆ ದೂರದ ಕ್ಯೂಬಾದಲ್ಲಿ ಬೇರೆ ವೇಷ ತೊಟ್ಟಿದೆ. ಅಲ್ಲಿಯ ಪಿನಾರ್ ದೆಲ್ ರಿಯೋ ಪ್ರಾಂತದ ಎಲೆಯಿಂದ ಸುತ್ತಿದ ದುಬಾರಿ ಸಿಗಾರುಗಳನ್ನು ಪರೀಕ್ಷಿಸುವವರು ಹೊಗೆಯನ್ನು ಎದೆಗೆ ಎಳೆಯದೆ ಬಾಯಲ್ಲೇ ಆಡಿಸಿ, ಕೋಕೋ, ಮೆಣಸು, ತೊಗಲು, ದೇವದಾರು ಎಂದು ಅದರ ರುಚಿಗೆ ಹೆಸರಿಡುತ್ತಾರೆ. ಬೂದಿ ಎಷ್ಟು ಬಿಳಿ, ಉರಿ ಎಷ್ಟು ಸಮ ಎಂದು ಅಳೆಯುತ್ತಾರೆ. ಬೂದಿಯನ್ನು ನೋಡಿಯೇ ತಂಬಾಕಿನ ಜಾತಿ ಹೇಳಬಲ್ಲ ಪತ್ತೇದಾರ ಷರ್ಲಾಕ್ ಹೋಮ್ಸ್, 1887ರಲ್ಲಿ ಬಂದ ತನ್ನ ಮೊದಲ ಕತೆಯಲ್ಲಿಯೇ ನಮ್ಮ ತಿರುಚಿನಾಪಳ್ಳಿಯ ಚುಟ್ಟಾವನ್ನು ಗುರುತಿಸಿದ್ದ. ಅದು ಕತೆಯ ಮಾತು. ನಿಪ್ಪಾಣಿಯ ವ್ಯಾಪಾರಿಯ ಹಿಡಿಯಲ್ಲಿರುವುದು ಬೀಡಿಯ ತಂಬಾಕು. ವೇಷ ಯಾವುದಾದರೂ ಗಿಡ ಒಂದೇ: ನಿಕೋಟಿಯಾನಾ ಟಬಾಕಮ್. ಬದನೆ, ಟೊಮೇಟೊ, ಆಲೂಗಡ್ಡೆ, ಮೆಣಸಿನಕಾಯಿಗಳ ಬಳಗಕ್ಕೆ ಸೇರಿದ್ದು.

ಕೈಯಿಂದ ಮುಟ್ಟಿ ಹೇಳುವ ಈ ತೀರ್ಪು ಬರೀ ಊಹೆಯೇ? ಅಲ್ಲ. ಅದರ ಹಿಂದೆ ಗಟ್ಟಿಯಾದ ವಿಜ್ಞಾನವಿದೆ. ಹೇಳುವವನಿಗೆ ಅದರ ಹೆಸರು ಗೊತ್ತಿಲ್ಲ, ಅಷ್ಟೆ.

ಮೊದಲನೆಯದು ಎಲೆಯ ಮೈಮೇಲಿನ ಚುಕ್ಕೆ. ಬೀಡಿ ತಂಬಾಕಿನ ಎಲೆ ಹೊಲದಲ್ಲಿ ಮಾಗಿದಾಗ ಅದರ ಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳು ಮೂಡುತ್ತವೆ. ಹೊಸಬರು ಅದನ್ನು ರೋಗವೆಂದುಕೊಳ್ಳುತ್ತಾರೆ. ಬಲ್ಲವರು ಕೊಯ್ಲಿನ ಕರೆ ಎನ್ನುತ್ತಾರೆ. ಎರಡನೆಯದು ಎಲೆಯ ದಪ್ಪ. ಹೂವು ಬಿಡುವ ಹೊತ್ತಿಗೆ ರೈತ ಗಿಡದ ತುದಿಯ ಕುಡಿ ಚಿವುಟುತ್ತಾನೆ, ಎಲೆಯ ಕಂಕುಳಲ್ಲಿ ಬರುವ ಚಿಗುರನ್ನೂ ತೆಗೆಯುತ್ತಾನೆ. ಬೀಜಕ್ಕೆ ಹೋಗಬೇಕಾದ ಆಹಾರ ಎಲೆಯಲ್ಲಿ ನಿಲ್ಲುತ್ತದೆ. ಎಲೆ ದಪ್ಪವಾಗುತ್ತದೆ, ನಿಕೋಟಿನ್ ಏರುತ್ತದೆ, ಖಾರ ಹೆಚ್ಚುತ್ತದೆ. ವಿಚಿತ್ರವೆಂದರೆ ಈ ನಿಕೋಟಿನ್ ತಯಾರಾಗುವುದು ಎಲೆಯಲ್ಲಲ್ಲ, ಬೇರಿನಲ್ಲಿ. 1940ರ ದಶಕದಲ್ಲಿ ವಿಜ್ಞಾನಿಗಳು ಟೊಮೇಟೊ ಬೇರಿನ ಮೇಲೆ ತಂಬಾಕಿನ ಕುಡಿಯನ್ನು ಕಸಿ ಮಾಡಿದಾಗ ಎಲೆಯಲ್ಲಿ ನಿಕೋಟಿನ್ ಹೆಚ್ಚುಕಡಿಮೆ ಇಲ್ಲವಾಯಿತು. ತಂಬಾಕಿನ ಬೇರಿಗೆ ಟೊಮೇಟೊ ಕುಡಿ ಕಟ್ಟಿದಾಗ ಟೊಮೇಟೊ ಎಲೆಯಲ್ಲಿ ನಿಕೋಟಿನ್ ಬಂತು! ಗಿಡ ಈ ವಿಷವನ್ನು ಮಾಡಿಕೊಳ್ಳುವುದು ಮನುಷ್ಯನ ಮೋಜಿಗಲ್ಲ, ತನ್ನನ್ನು ಮೇಯುವ ಹುಳುಗಳನ್ನು ಓಡಿಸುವುದಕ್ಕೆ.

ಮೂರನೆಯದು ಬಣ್ಣ. ಕೊಯ್ದ ಎಲೆ ಬಿಸಿಲಿಗೆ ಬಿದ್ದಾಗ ಹಸಿರು ಬಣ್ಣದ ಕ್ಲೋರೊಫಿಲ್ ಒಡೆಯುತ್ತದೆ. ಅದರಡಿ ಅಡಗಿದ್ದ ಹಳದಿ ಹೊರಗೆ ಬರುತ್ತದೆ. ಮುಂದೆ ಕಂದು ಬಣ್ಣ ಬರುವುದು, ಹೆಚ್ಚಿದ ಬದನೆಕಾಯಿ ಕಪ್ಪಾಗುವ ರೀತಿಯಲ್ಲಿಯೇ. ಒಣಗಿದ ಎಲೆಯನ್ನು ಮಧ್ಯಾಹ್ನ ಮುಟ್ಟಿದರೆ ಪುಡಿಪುಡಿ. ಅದಕ್ಕೇ ರೈತ ಚಳಿಗಾಲದ ಇಬ್ಬನಿಯಲ್ಲಿ ಎಲೆ ಮೆತ್ತಗಾಗಲೆಂದು ನಸುಕಿನವರೆಗೆ ಕಾಯುತ್ತಾನೆ. ನಾಲ್ಕನೆಯದು ವಾಸನೆ. ಒಟ್ಟಿದ ಎಲೆ ಒಳಗೊಳಗೇ ಬಿಸಿಯಾಗಿ ಹುದುಗುತ್ತದೆ, ಅಮೋನಿಯಾ ಹೊರಬೀಳುತ್ತದೆ, ಹಸಿ ಘಾಟು ಹೋಗಿ ಪರಿಮಳ ಬರುತ್ತದೆ. ಐದನೆಯದು ಉರಿ. ಎಲೆಯಲ್ಲಿ ಪೊಟ್ಯಾಸಿಯಂ ಇದ್ದರೆ ಕೆಂಡ ಸಮವಾಗಿ ಸಾಗುತ್ತದೆ. ಕ್ಲೋರೈಡ್ ಹೆಚ್ಚಾದರೆ ನಡುವೆಯೇ ಆರುತ್ತದೆ. ಉಪ್ಪುನೀರು ಕುಡಿದ ಹೊಲದ ತಂಬಾಕು ಸರಿಯಾಗಿ ಹೊತ್ತದಿರುವುದಕ್ಕೆ ಇದೇ ಕಾರಣ. ಪ್ರಯೋಗಶಾಲೆಯ ಮೆಟ್ಟಿಲು ಹತ್ತದ ವ್ಯಾಪಾರಿ ಒಂದು ಹಿಡಿ ಎಲೆಯಲ್ಲಿ ಮಣ್ಣು, ನೀರು, ಬಿಸಿಲು, ದುಡಿಮೆ ಎಲ್ಲವನ್ನೂ ಓದುತ್ತಾನೆ. ವಿದ್ಯೆ ದೊಡ್ಡದೇ, ಅದರಲ್ಲಿ ಸಂಶಯ ಬೇಡ.

ಆದರೆ ಒಂದು ಮಾತಿದೆ. ತೀರ್ಪು ಕೊಡುವವನೂ ಅವನೇ, ಕೊಳ್ಳುವವನೂ ಅವನೇ ಆದರೆ ತಕ್ಕಡಿ ಯಾವ ಕಡೆಗೆ ವಾಲೀತು? ಪರೀಕ್ಷೆ ಬರೆದ ಹುಡುಗನಿಗೆ ಉತ್ತರ ಪತ್ರಿಕೆ ತೋರಿಸದೆ ಅಂಕ ಹೇಳಿದ ಹಾಗೆ ಅದು. ನಿಪ್ಪಾಣಿ ಸೀಮೆಯ ಬೆಳೆಗಾರರು 1981ರಲ್ಲಿ ನ್ಯಾಯವಾದ ಬೆಲೆಗಾಗಿ ಶರದ್ ಜೋಶಿಯವರ ಮುಂದಾಳತ್ವದಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ಎತ್ತಿನ ಬಂಡಿಗಳೊಡನೆ ಬಂದು ಕೂತದ್ದು ಈ ಸಂಕಟದಿಂದಲೇ. ಆ ವರ್ಷದ ಏಪ್ರಿಲ್ 6ರಂದು ನಡೆದ ಗೋಲೀಬಾರಿನಲ್ಲಿ ಹತ್ತಕ್ಕೂ ಹೆಚ್ಚು ರೈತರು ಪ್ರಾಣ ಕಳೆದುಕೊಂಡರು. ಇತ್ತ ಹುಣಸೂರು, ಪಿರಿಯಾಪಟ್ಟಣದ ಕಡೆಯ ವರ್ಜೀನಿಯಾ ತಂಬಾಕಿಗೆ 1975ರ ಕಾಯಿದೆಯ ಮೇರೆಗೆ ತಂಬಾಕು ಮಂಡಳಿ ಬಂತು, ಹರಾಜು ಕಟ್ಟೆಗಳು ಬಂದವು, ನಾಲ್ಕು ಜನರೆದುರು ದರ್ಜೆ ಕೂಗುವ ಪದ್ಧತಿ ಬಂತು. ಬೀಡಿಯ ಎಲೆಗೆ ಆ ಭಾಗ್ಯ ಬರಲಿಲ್ಲ.

ಎಲೆ ವಖಾರಿ ಸೇರಿದ ಮೇಲೆ ಅದನ್ನು ಬಡಿದು, ಜಾಲಿಸಿ, ಹಸನು ಮಾಡುವವರು ಹೆಣ್ಣುಮಕ್ಕಳು. ಮೂಗಿಗೆ ಸೆರಗು ಕಟ್ಟಿಕೊಂಡು ದಿನವಿಡೀ ಧೂಳಿನಲ್ಲಿ ನಿಲ್ಲುವ ಅವರ ದುಡಿಮೆ, ಸಂಘಟನೆಯ ಕತೆಯನ್ನು ದೀಪಾ ಧನರಾಜ್ ಮತ್ತು ಅವರ ಯುಗಾಂತರ್ ಬಳಗ 1982ರಲ್ಲಿ ಸಾಕ್ಷ್ಯಚಿತ್ರವಾಗಿಸಿತು. ಪರೀಕ್ಷಕನ ಮೂಗಿಗೆ ಒಂದು ನಿಮಿಷ ಸಿಗುವ ವಾಸನೆ, ಇವರ ಎದೆಗೂಡಿಗೆ ದಿನವಿಡೀ ಸಿಗುತ್ತದೆ. ಹೊಲದಲ್ಲಿಯೂ ಹಾಗೆಯೇ. ತೊಯ್ದ ಹಸಿರೆಲೆ ಮುಟ್ಟಿದವರಿಗೆ ತಲೆಸುತ್ತು, ವಾಂತಿ ಬರುವುದುಂಟು. ನಿಕೋಟಿನ್ ಚರ್ಮದ ಮೂಲಕವೂ ಮೈಗೆ ಇಳಿಯುತ್ತದೆ.

ಇನ್ನು ಮುಖ್ಯವಾದ ವಿಷಯ. ಎಂಥ ಚುರುಕು ಮೂಗಿಗೂ ತಿಳಿಯದ ಸಂಗತಿಗಳು ಆ ಎಲೆಯಲ್ಲಿವೆ. ಉರಿಯುವಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದು ಅಂಟಿಕೊಳ್ಳುತ್ತದೆ. ಕ್ಯಾನ್ಸರಿಗೆ ಕಾರಣವಾಗುವ ನೈಟ್ರೋಸಮೈನುಗಳು ರೂಪುಗೊಳ್ಳುವುದು ಬಹುಪಾಲು ಎಲೆ ಒಣಗಿ ಹುದುಗುವ ಹೊತ್ತಿನಲ್ಲಿ. ಅಂದರೆ, ಪರಿಮಳ ಬೆಳೆಯುವ ಹೊತ್ತಿನಲ್ಲಿಯೇ. ಮೂಗು "ಫಸ್ಟ್ ಕ್ಲಾಸ್" ಎಂದ ಎಲೆ ಪುಪ್ಪುಸಕ್ಕೂ ಫಸ್ಟ್ ಕ್ಲಾಸ್ ಆಗಬೇಕಿಲ್ಲ. ಬೀಡಿಯ ಮಾತಂತೂ ಇನ್ನೂ ಕಷ್ಟ. ಅದರ ತೂಬರೆ ಎಲೆಯಲ್ಲಿ ಗಾಳಿ ಸುಲಭವಾಗಿ ಆಡುವುದಿಲ್ಲ. ಆರದಿರಲೆಂದು ಸೇದುವವನು ಮತ್ತೆ ಮತ್ತೆ ಜೋರಾಗಿ ಎಳೆಯಬೇಕು. ಬೀಡಿ ಚಿಕ್ಕದು, ಅಪಾಯ ಚಿಕ್ಕದೆಂಬ ನಂಬಿಕೆ ಶುದ್ಧ ಸುಳ್ಳು. ಸಿಗಾರು ಸೇದುವವರು ಹೊಗೆಯನ್ನು ಎದೆಗೆ ಎಳೆಯದಿದ್ದರೂ ಅವರ ಬಾಯಿ, ಗಂಟಲಿಗೆ ಕ್ಯಾನ್ಸರಿನ ಭಯ ತಪ್ಪಿದ್ದಲ್ಲ. ವಿಪರ್ಯಾಸ ನೋಡಿ: ಹೊಗೆ ಸೇದುವವರ ರುಚಿ, ವಾಸನೆಯ ಶಕ್ತಿಯೇ ಕ್ರಮೇಣ ಮಂದವಾಗುತ್ತದೆ. ಗುಣ ಹೇಳಬೇಕಾದ ಮೂಗನ್ನು ಎಲೆಯೇ ತಿಂದುಹಾಕುತ್ತದೆ.

ಈ ಮಾತನ್ನು ನಾನೂರು ವರ್ಷಗಳ ಹಿಂದೆಯೇ ಒಬ್ಬರು ಎತ್ತಿದ್ದರು. ಅಕ್ಬರನ ದೂತ ಅಸದ್ ಬೇಗ್ 17ನೆಯ ಶತಮಾನದ ಆರಂಭದಲ್ಲಿ ಆದಿಲ್‌ಶಾಹಿಗಳ ಬಿಜಾಪುರಕ್ಕೆ ಬಂದಾಗ ತಂಬಾಕನ್ನು ಮೊದಲ ಸಲ ಕಂಡ. ಅದನ್ನೂ ಚೆಂದದ ಹುಕ್ಕಾವನ್ನೂ ಒಯ್ದು ಬಾದಶಹನ ಮುಂದಿಟ್ಟ. ಆಸ್ಥಾನದ ವೈದ್ಯ ಒಪ್ಪಲಿಲ್ಲ. ಗುಣಾವಗುಣ ತಿಳಿಯದ, ನಮ್ಮ ಪಂಡಿತರು ಏನನ್ನೂ ಬರೆಯದ ವಸ್ತುವನ್ನು ದೊರೆಗೆ ಕೊಡುವುದು ಹೇಗೆಂದು ವಾದಿಸಿದ. ಅಕ್ಬರ ಸ್ವಲ್ಪ ಸೇದಿ ನೋಡಿದನೇ ಹೊರತು ರೂಢಿ ಮಾಡಿಕೊಳ್ಳಲಿಲ್ಲ. ಸರದಾರರು ಮಾತ್ರ ಬಿಡಲಿಲ್ಲ. ವೈದ್ಯ ಕೇಳಿದ ಪ್ರಶ್ನೆಗೆ ಪೂರ್ಣ ಉತ್ತರ ಸಿಗುವುದಕ್ಕೆ 20ನೆಯ ಶತಮಾನವೇ ಬರಬೇಕಾಯಿತು. ಇಂದು ತಂಬಾಕಿನಿಂದ ಜಗತ್ತಿನಲ್ಲಿ ವರ್ಷಕ್ಕೆ 70 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2016-17ರ ಸಮೀಕ್ಷೆಯಂತೆ ಭಾರತದ ವಯಸ್ಕರಲ್ಲಿ ಶೇಕಡಾ 28.6 ಮಂದಿ ಒಂದಲ್ಲ ಒಂದು ಬಗೆಯ ತಂಬಾಕು ಬಳಸುತ್ತಿದ್ದರು. ಸಿಗರೇಟು ಸೇದುವವರು ಶೇಕಡಾ 4, ಬೀಡಿ ಸೇದುವವರು ಶೇಕಡಾ 7.7.

ಇದನ್ನೆಲ್ಲ ಬೆಂಗಳೂರಿನ ತರಗತಿಯಲ್ಲಿ ಹೇಳುವುದು ಸುಲಭ. ನಿಪ್ಪಾಣಿಯ ಮಗುವಿನೆದುರು ಹೇಳುವುದು ಕಷ್ಟ. ತಂಬಾಕು ಕೆಟ್ಟದ್ದು ಎಂದು ಕರಿಹಲಗೆಯ ಮೇಲೆ ಬರೆದೊಡನೆ, ಅದರಿಂದಲೇ ಫೀ ಕಟ್ಟಿದ ಅಪ್ಪ ಕೆಟ್ಟವನೇ, ವಖಾರಿಗೆ ಹೋಗುವ ಅವ್ವ ಕೆಟ್ಟವಳೇ ಎಂದು ಆ ಮಗುವಿನ ಮನಸ್ಸು ಕೇಳುತ್ತದೆ. ಬಾಯಿ ಬಿಟ್ಟು ಕೇಳದಿದ್ದರೂ ಕೇಳುತ್ತದೆ. ಅದಕ್ಕೆ ನೇರ ಉತ್ತರ ಕೊಡಬೇಕು: ಅವರು ಕೆಟ್ಟವರಲ್ಲ. ಕಪ್ಪು ಮಣ್ಣು, ಅಳತೆಯ ಮಳೆ, ಕೈಗೆಟಕುವ ಪೇಟೆ ನೋಡಿ ಒಂದು ಬೆಳೆಯನ್ನು ಹಿಡಿದರು, ಅದನ್ನು ಚೆನ್ನಾಗಿ ಬೆಳೆದರು. ದುಡಿಮೆಯ ಗುಣ ಬೇರೆ, ವಸ್ತುವಿನ ಗುಣ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದರೆ ಮಗುವಿಗೂ ಅನ್ಯಾಯ, ಅಪ್ಪನಿಗೂ ಅನ್ಯಾಯ.

ಅಪ್ಪಂದಿರಿಗೂ ಒಂದು ಮಾತು ಇದೆ. ಬೆಳೆಯುವುದು ಹೊಟ್ಟೆಪಾಡು, ಮಗನ ಕೈಯಲ್ಲಿ ಅಂಗಡಿಯಿಂದ ಬೀಡಿ ತರಿಸುವುದು ಹೊಟ್ಟೆಪಾಡಲ್ಲ. ಹದಿನೆಂಟು ತುಂಬದವರಿಗೆ ತಂಬಾಕು ಮಾರುವುದನ್ನು, ಶಾಲೆಯಿಂದ ನೂರು ಗಜದೊಳಗೆ ಮಾರುವುದನ್ನು 2003ರ ಕಾಯಿದೆ ನಿಷೇಧಿಸಿದೆ. ಆದರೆ ಮಕ್ಕಳು ಕಾಯಿದೆ ಓದುವ ಮೊದಲು ಓದುವುದು ಮನೆಯ ಜಗಲಿಯನ್ನು.

ಎಲೆಯ ಗುಣ ಬಲ್ಲ ಕೈಗಳು ಹಾಗಾದರೆ ವ್ಯರ್ಥವೇ? ಇಲ್ಲ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರು ಹತ್ತಿದ ಕಡೆಯೆಲ್ಲ ಕಬ್ಬು ಬಂದಿದೆ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಈಗ ಎಲ್ಲಿ ನೋಡಿದರೂ ಅದೇ. ಆಲೆಮನೆಯಲ್ಲಿ ಕುದಿಯುವ ಪಾಕದ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ, ಕೊಪ್ಪರಿಗೆ ಇಳಿಸುವ ಹೊತ್ತನ್ನು ಹೇಳುವವನದೂ ಅದೇ ವಿದ್ಯೆ. ಅಥಣಿಯಲ್ಲಿ ಚಪ್ಪಲಿಗೆ ತೊಗಲು ಆರಿಸುವವನದೂ ಅದೇ. ಕಣ್ಣು, ಕೈ, ಮೂಗು, ತಾಳ್ಮೆ ಇಷ್ಟೂ ಮನೆಯಲ್ಲಿಯೇ ಇರುವ ಮಕ್ಕಳು ರಸಾಯನಶಾಸ್ತ್ರವನ್ನು ಶೂನ್ಯದಿಂದ ಕಲಿಯಬೇಕಾಗಿಲ್ಲ. ಅಪ್ಪ ಎಲೆ ತಿಕ್ಕಿ ನೋಡುವಾಗ ಏಕೆಂದು ಕೇಳಿದರೆ ಅರ್ಧ ಪಾಠ ಮುಗಿಯಿತು.

ಉಳಿದರ್ಧಕ್ಕೆ ಇನ್ನೊಂದು ಪ್ರಶ್ನೆ ಸಾಕು. ಯಾವ ವಸ್ತುವನ್ನೇ ಆಗಲಿ ಯಾರಾದರೂ "ಒಳ್ಳೆಯ ಮಾಲು" ಎಂದಾಗ, ಯಾರಿಗೆ ಒಳ್ಳೆಯದು ಎಂದು ಮಗು ಕೇಳಬೇಕು. ಮಾರುವವನಿಗೋ, ಕೊಳ್ಳುವವನಿಗೋ, ಜಾಲಿಸುವವಳಿಗೋ, ಸೇದುವವನಿಗೋ? ನಾಲ್ಕೂ ಉತ್ತರಗಳನ್ನು ಬರೆದ ಮಗುವಿಗೆ ಪೂರ್ಣ ಅಂಕ ಕೊಡಬಹುದು.